‘ಛಾವಾ’ದಲ್ಲಿ ಕಾದಾಟವಿದೆ, ಯುದ್ಧವೆಲ್ಲಿದೆ?

2025ರ ಮಾರ್ಚ್ ಮೊದಲ ವಾರ. ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಅಸೀರ್‌ಗಢ ಕೋಟೆಯ ಆಸುಪಾಸಿನ ಹೊಲಗಳಲ್ಲಿ ಜನ ರಾತ್ರಿ ಹೊತ್ತು ಟಾರ್ಚ್ ಬೆಳಕಿನಲ್ಲಿ ನೆಲ ಅಗೆಯುತ್ತಿದ್ದ ದೃಶ್ಯಗಳು ಸುದ್ದಿವಾಹಿನಿಗಳಲ್ಲಿ ಬಂದವು. ಮೊಘಲರ ಕಾಲದ ಚಿನ್ನದ ನಾಣ್ಯಗಳು ಸಿಗುತ್ತಿವೆ ಎಂಬುದು ಗಾಳಿಸುದ್ದಿ. ಅದಕ್ಕೆ ಕಾವು ಕೊಟ್ಟದ್ದು ಆಗ ಚಿತ್ರಮಂದಿರಗಳಲ್ಲಿ ಕಿಕ್ಕಿರಿದು ಓಡುತ್ತಿದ್ದ ‘ಛಾವಾ’. ಬುರ್ಹಾನ್‌ಪುರದ ಮೊಘಲ್ ಖಜಾನೆಯ ಮೇಲೆ ಶಿವಾಜಿಯ ಮಗ, ಮರಾಠ ದೊರೆ ಸಂಭಾಜಿ ನಡೆಸಿದ ದಾಳಿ ಆ ಚಿತ್ರದ ಮೊದಲ ದೊಡ್ಡ ದೃಶ್ಯ. ಕೊನೆಗೆ ಪೊಲೀಸರು ಹೋಗಿ ಜನರನ್ನು ತಡೆಯಬೇಕಾಯಿತು. ಸಿನಿಮಾ ನೋಡಿ ಗುದ್ದಲಿ ಹಿಡಿದವರನ್ನು ಕಂಡು ನಗುವುದು ಸುಲಭ. ಪರದೆಯ ಮೇಲಿನ ಊರನ್ನು ಇಷ್ಟರ ಮಟ್ಟಿಗೆ ನಂಬಿಸುವ ಶಕ್ತಿ ಒಂದು ಚಿತ್ರಕ್ಕೆ ಇದೆ ಎಂದಾದರೆ, ಅದು ಏನನ್ನು ನಂಬಿಸಿತು, ಯಾವುದನ್ನು ಹೇಳದೆ ಬಿಟ್ಟಿತು ಎಂದು ಕೇಳುವುದು ನಗುವುದಕ್ಕಿಂತ ಉಪಯುಕ್ತ.

ಲಕ್ಷ್ಮಣ್ ಉತೇಕರ್ ನಿರ್ದೇಶನದ ಈ ಹಿಂದಿ ಚಿತ್ರ 2025ರ ಫೆಬ್ರುವರಿ 14ರಂದು ತೆರೆಕಂಡಿತು. ಶಿವಾಜಿ ಸಾವಂತ್ ಅವರ ಮರಾಠಿ ಕಾದಂಬರಿ ಅದರ ಆಧಾರ. ಸುಮಾರು 130 ಕೋಟಿ ರೂಪಾಯಿ ವೆಚ್ಚ, ಜಗತ್ತಿನಾದ್ಯಂತ 800 ಕೋಟಿಯ ಆಸುಪಾಸು ಗಳಿಕೆ ಎಂದು ವರದಿಗಳು ಹೇಳಿದವು. ಮಧ್ಯಪ್ರದೇಶ ಮತ್ತು ಗೋವಾ ಸರ್ಕಾರಗಳು ತೆರಿಗೆ ವಿನಾಯಿತಿ ಕೊಟ್ಟವು. ಗೆದ್ದ ಚಿತ್ರದ ದೋಷ ಹುಡುಕುವುದು ಹೊಟ್ಟೆಕಿಚ್ಚಿನಂತೆ ಕಾಣಬಹುದು. ಆದರೂ ಐತಿಹಾಸಿಕ ಯುದ್ಧಚಿತ್ರ ಎಂಬ ಪ್ರಕಾರ ನಮ್ಮಲ್ಲಿ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿಯಲು ಸೋತ ಚಿತ್ರಗಳಿಗಿಂತ ಗೆದ್ದ ಚಿತ್ರವೇ ಹೆಚ್ಚು ನೆರವಾಗುತ್ತದೆ. ಸೋತದ್ದಕ್ಕೆ ನೂರು ಕಾರಣ ಹೇಳಬಹುದು; ಗೆದ್ದದ್ದನ್ನು ಮುಂದಿನ ನಿರ್ಮಾಪಕರು ಅನುಕರಿಸುತ್ತಾರೆ.

ಮೊದಲು ಮೆಚ್ಚಬೇಕಾದದ್ದನ್ನು ಮೆಚ್ಚಿಬಿಡೋಣ. ವಿಕ್ಕಿ ಕೌಶಲ್ ಸಂಭಾಜಿಯನ್ನು ಮೈಯಿಂದ ಕಟ್ಟಿದ್ದಾರೆ. ಮೊದಲರ್ಧದಲ್ಲಿ ಘರ್ಜನೆ ಅತಿಯಾಗುತ್ತದೆ ಎಂದು ನನಗನ್ನಿಸಿತು. ಸಿಂಹದೊಡನೆ ಬರಿಗೈಯಲ್ಲಿ ಸೆಣಸುವ ದೃಶ್ಯವಂತೂ ಇತಿಹಾಸದ್ದಲ್ಲ, ನಾಯಕನಟನ ಪ್ರವೇಶದ ಸಂಪ್ರದಾಯದ್ದು. ಆದರೆ ಸಂಕೋಲೆ ಬಿದ್ದ ಮೇಲೆ ಅದೇ ದೇಹ ಬೇರೆಯಾಗುತ್ತದೆ. ಕುತ್ತಿಗೆ, ಹೆಗಲು, ಉಸಿರು ಇವಿಷ್ಟರಲ್ಲೇ ನಟ ಪಾತ್ರವನ್ನು ಹಿಡಿದು ನಿಲ್ಲಿಸುತ್ತಾರೆ. ಎದುರಿಗೆ ಅಕ್ಷಯ್ ಖನ್ನಾ ಅವರ ಔರಂಗಜೇಬ. ದನಿ ಏರಿಸದ, ಕಣ್ಣಿನಲ್ಲೇ ಆಜ್ಞೆ ಕೊಡುವ, ದಣಿದ ಮುದುಕ. 1618ರಲ್ಲಿ ಹುಟ್ಟಿದ ಔರಂಗಜೇಬನಿಗೆ ಸಂಭಾಜಿ ಸೆರೆಸಿಕ್ಕಾಗ ಎಪ್ಪತ್ತು ವರ್ಷ. ಮಕ್ಕಳನ್ನು ನಂಬಲಾರದ, ಗೆಲುವಿನಲ್ಲೂ ನೆಮ್ಮದಿ ಕಾಣದ ಆ ವಯಸ್ಸು ಈ ಅಭಿನಯದಲ್ಲಿ ಕಾಣುತ್ತದೆ. ಸಂಭಾಷಣೆ ಬರೆದವರು ಖಳನನ್ನು ಬರೆದಿದ್ದಾರೆ. ನಟ ಅದರೊಳಗೆ ಒಬ್ಬ ಮನುಷ್ಯನನ್ನು ತಂದಿಟ್ಟಿದ್ದಾರೆ.

ಔರಂಗಜೇಬ ಕಿರೀಟ ತೆಗೆದಿಟ್ಟು, ಸಂಭಾಜಿಯನ್ನು ಮುಗಿಸುವವರೆಗೆ ಧರಿಸುವುದಿಲ್ಲ ಎಂದು ಶಪಥ ಮಾಡುವ ಪ್ರಸಂಗ ನೋಡಿದವರಿಗೆ ಅದು ಅಪ್ಪಟ ಸಿನಿಮಾ ಕಲ್ಪನೆ ಎನಿಸಬಹುದು. ಹಾಗಲ್ಲ. ಇಂಥದ್ದೇ ಮಾತು 1682ರಲ್ಲಿ ನಮ್ಮ ಕಾರವಾರದ ಇಂಗ್ಲಿಷ್ ಕೋಠಿಯ ವರ್ತಕರು ಬರೆದ ಪತ್ರವೊಂದರಲ್ಲಿದೆ: ಬಾದಶಹನು ಪಗಡಿ ತೆಗೆದೆಸೆದು, ಆ ರಾಜನನ್ನು ಕೊಲ್ಲುವ, ಹಿಡಿಯುವ ಅಥವಾ ನಾಡಿನಿಂದ ಓಡಿಸುವ ತನಕ ಮತ್ತೆ ಕಟ್ಟುವುದಿಲ್ಲ ಎಂದಿದ್ದಾನಂತೆ ಎಂಬ ಒಕ್ಕಣೆ. ಮೆಣಸು ಕೊಳ್ಳಲು ಬಂದು ಕುಳಿತಿದ್ದ ವ್ಯಾಪಾರಿಗಳ ಕಿವಿಗೂ ಅದು ಬಿದ್ದಿತ್ತು ಎಂದರೆ ಆಗಿನ ದಖ್ಖನ್ನಿನಲ್ಲಿ ಎಷ್ಟು ಹಬ್ಬಿದ ಮಾತಾಗಿತ್ತು ಎಂದು ಊಹಿಸಬಹುದು. ಕೊನೆಯ ಭಾಗದ ಚಿತ್ರಹಿಂಸೆಯೂ ಅಷ್ಟೇ. ಕಣ್ಣು ಕೀಳಿಸಿದ್ದು, ನಾಲಗೆ ಕತ್ತರಿಸಿದ್ದು, ಅದಕ್ಕೆ ಮೊದಲು ವಿದೂಷಕನ ವೇಷ ಹಾಕಿ ಒಂಟೆಯ ಮೇಲೆ ಮೆರವಣಿಗೆ ಮಾಡಿಸಿದ್ದು ಇವೆಲ್ಲ ಮರಾಠಿ ಭಾವುಕತೆಯ ಸೃಷ್ಟಿಯಲ್ಲ. ಮೊಘಲರ ಕಡೆಯ ಬರಹಗಾರರೇ ಸಂಕೋಚವಿಲ್ಲದೆ ಬರೆದಿಟ್ಟ ಸಂಗತಿಗಳು. ಚಿತ್ರ ಅದನ್ನು ಹಿಗ್ಗಿಸಿದೆ, ಹಿಂಸೆಯ ಮೇಲೆ ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಆದರೆ ಹುಟ್ಟುಹಾಕಿಲ್ಲ.

ಕಾದಾಟದ ದೃಶ್ಯಗಳಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ಸಂಭಾಜಿ ಸೆರೆಸಿಕ್ಕ ಸಂಗಮೇಶ್ವರದ್ದು. ಇಕ್ಕಟ್ಟಾದ ಜಾಗ, ಜೊತೆಗೆ ಕೆಲವೇ ಜನ, ಸುತ್ತ ಮುತ್ತಿದ ದೊಡ್ಡ ಪಡೆ. ಯಾರು ಬಿದ್ದರು, ಯಾರು ಉಳಿದರು, ತಪ್ಪಿಸಿಕೊಳ್ಳುವ ದಾರಿ ಎಷ್ಟು ಕಿರಿದಾಗುತ್ತಿದೆ ಎಂಬುದು ನೋಡುಗನಿಗೆ ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಅದು ತಿಳಿಯುವುದರಿಂದಲೇ ಪ್ರತಿ ಕತ್ತಿಯೇಟಿಗೂ ತೂಕ ಬರುತ್ತದೆ. ಇಡೀ ಚಿತ್ರದಲ್ಲಿ ಇಂಥ ಸ್ಪಷ್ಟತೆ ಇರುವುದು ಇಲ್ಲಿ ಮಾತ್ರ, ಮತ್ತು ನನ್ನ ತಕರಾರು ಶುರುವಾಗುವುದೂ ಇಲ್ಲಿಂದಲೇ.

ಮಿಕ್ಕ ಕಡೆ ಏನಾಗುತ್ತದೆ? ಸಂಭಾಜಿಯ ಆಳ್ವಿಕೆಯ ಬಹುಪಾಲನ್ನು ಚಿತ್ರ ಒಂದು ಮಾಂಟೇಜ್‌ನಲ್ಲಿ ಮುಗಿಸುತ್ತದೆ. ಮರಾಠ ಸೈನಿಕರು ನೀರಿನೊಳಗಿಂದ ಏಳುತ್ತಾರೆ, ಮರದ ಮೇಲಿಂದ ಬೀಳುತ್ತಾರೆ. ಮೊಘಲ್ ತುಕಡಿ ತರಿದುಹೋಗುತ್ತದೆ. ಮತ್ತೊಂದು ಕಡೆ ಮತ್ತೊಂದು ತುಕಡಿ. ಒಂದೊಂದೂ ಕಣ್ಣಿಗೆ ಹಬ್ಬ. ಅದು ಯಾವ ಘಾಟಿ, ಆ ತುಕಡಿ ಎಲ್ಲಿಗೆ ಹೊರಟಿತ್ತು, ಅದನ್ನು ಅಲ್ಲೇ ತಡೆದದ್ದರಿಂದ ಏನು ಉಳಿಯಿತು ಎಂಬುದಕ್ಕೆ ಉತ್ತರವಿಲ್ಲ. ಗೆರಿಲ್ಲಾ ಯುದ್ಧದ ಜೀವಾಳ ಇರುವುದು ಈ ಪ್ರಶ್ನೆಗಳಲ್ಲಿ. ಹಾರಿ ಬಂದು ಹೊಡೆಯುವುದು ಅದರ ಕೊನೆಯ ಐದು ನಿಮಿಷ ಮಾತ್ರ. ಅದಕ್ಕೂ ಮೊದಲಿನದು ಧಾನ್ಯದ ಬಂಡಿಗಳು ಬರುವ ದಾರಿ, ಮಳೆಗಾಲ ಕಳೆದು ತೆರೆಯುವ ಘಾಟಿಗಳು, ಕೋಟೆಯೊಳಗೆ ಎಷ್ಟು ತಿಂಗಳ ಕಾಳು ಇದೆ ಎಂಬ ಲೆಕ್ಕ.

ಆ ವರ್ಷಗಳಲ್ಲಿ ನಿಜವಾಗಿ ನಡೆದದ್ದು ಎಷ್ಟು ಸಿನಿಮೀಯವಾಗಿತ್ತು ಎಂದು ನೋಡಿ. 1681ರ ಜನವರಿಯಲ್ಲಿ ಸಂಭಾಜಿಯ ಪಟ್ಟಾಭಿಷೇಕ. ತಿಂಗಳು ತುಂಬುವಷ್ಟರಲ್ಲಿ ಬುರ್ಹಾನ್‌ಪುರದ ಲೂಟಿ. ಅದೇ ವರ್ಷ ಔರಂಗಜೇಬನ ಮಗ ಅಕ್ಬರ್ ತಂದೆಯ ವಿರುದ್ಧ ದಂಗೆಯೆದ್ದು, ಸೋತು, ರಜಪೂತ ನಾಯಕ ದುರ್ಗಾದಾಸ ರಾಠೋಡನ ಜೊತೆ ಸಂಭಾಜಿಯ ಆಶ್ರಯಕ್ಕೆ ಬಂದ. ಬಾದಶಹ ದಖ್ಖನ್ನಿಗೆ ಇಳಿದದ್ದಕ್ಕೆ ಬುರ್ಹಾನ್‌ಪುರ ಎಷ್ಟು ಕಾರಣವೋ ಈ ಮಗನೂ ಅಷ್ಟೇ ಕಾರಣ. ಮೊಘಲ್ ಸಿಂಹಾಸನದ ಹಕ್ಕುದಾರನೊಬ್ಬ ಮರಾಠರ ನಾಡಿನಲ್ಲಿ ಕುಳಿತಿರುವುದು ಯಾವ ಖಜಾನೆಯ ಲೂಟಿಗಿಂತಲೂ ದೊಡ್ಡ ಅಪಾಯ. ನಾಸಿಕ್ ಬಳಿಯ ರಾಮಸೇಜ್ ಎಂಬ ಸಣ್ಣ ಗುಡ್ಡದ ಕೋಟೆಯನ್ನು 1682ರಲ್ಲಿ ಮುತ್ತಿದ ಮೊಘಲರು ಮರದ ಬುರುಜು ಕಟ್ಟಿ ಫಿರಂಗಿ ಏರಿಸಿದರೂ ಅದನ್ನು ವರ್ಷಗಟ್ಟಲೆ ಹಿಡಿಯಲಾಗಲಿಲ್ಲ. ಅದೇ ಕಾಲಕ್ಕೆ ಜಂಜೀರಾದ ಸಿದ್ದಿಗಳೊಡನೆ ಸಮುದ್ರದ ಮೇಲೆ ಯುದ್ಧ, ದಕ್ಷಿಣದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರೊಡನೆ ಸಂಘರ್ಷ.

1683ರ ಗೋವಾ ಯುದ್ಧವೊಂದೇ ಸಾಕು, ಒಂದು ಪೂರ್ತಿ ಚಿತ್ರಕ್ಕೆ. ಫೋಂಡಾ ಕೋಟೆಯನ್ನು ಮುತ್ತಲು ಹೋದ ಪೋರ್ಚುಗೀಸ್ ವೈಸ್‌ರಾಯ್ ಸೋತು ಮರಳಿದ. ಬೆನ್ನಟ್ಟಿ ಬಂದ ಮರಾಠರು ಗೋವಾಕ್ಕೆ ತಾಗಿಕೊಂಡಿದ್ದ ಸಾಂತು ಎಸ್ತೆವಾಂ ದ್ವೀಪವನ್ನೇ ಹಿಡಿದರು. ರಾಜಧಾನಿ ಉಳಿಯುವ ಭರವಸೆ ಕಳೆದುಕೊಂಡ ವೈಸ್‌ರಾಯ್, ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶವಪೆಟ್ಟಿಗೆ ತೆರೆಸಿ, ತನ್ನ ಅಧಿಕಾರದಂಡವನ್ನು ಅದರ ಮುಂದಿಟ್ಟು, ಇನ್ನು ನೀವೇ ಕಾಪಾಡಬೇಕು ಎಂದು ಪ್ರಾರ್ಥಿಸಿದ. ಪವಾಡ ನಡೆಯಿತೋ ಏನೋ, ಔರಂಗಜೇಬನ ಮಗ ಶಾ ಆಲಂ ದೊಡ್ಡ ಸೈನ್ಯದೊಡನೆ ರಾಮಘಾಟ್ ಇಳಿದು ಕೊಂಕಣಕ್ಕೆ ಬಂದ ಸುದ್ದಿ ಮುಟ್ಟಿ ಸಂಭಾಜಿ ಮುತ್ತಿಗೆ ಬಿಟ್ಟು ಹಿಂದಿರುಗಬೇಕಾಯಿತು. ಇಳಿದು ಬಂದ ಆ ಸೈನ್ಯದ ಗತಿ ಇನ್ನೂ ಸ್ವಾರಸ್ಯದ್ದು. ಕೊಂಕಣದಲ್ಲಿ ಅವರಿಗೆ ಕಾಳು ಸಿಗಲಿಲ್ಲ, ಮೇವು ಸಿಗಲಿಲ್ಲ, ರೋಗ ಬಿತ್ತು. ಮತ್ತೆ ಘಾಟಿ ಹತ್ತುವಾಗ ಕುದುರೆ, ಒಂಟೆ, ಎತ್ತುಗಳು ದಾರಿಯುದ್ದಕ್ಕೂ ಸತ್ತು ಬಿದ್ದವು. ಸೈನಿಕರೂ ದೊಡ್ಡ ಸಂಖ್ಯೆಯಲ್ಲಿ ಅಳಿದರು. ಒಂದು ದೊಡ್ಡ ಕಾಳಗವಿಲ್ಲದೆ ಸಾಮ್ರಾಜ್ಯದ ಸೈನ್ಯವೊಂದನ್ನು ಸಹ್ಯಾದ್ರಿ ತಿಂದುಹಾಕಿತು. ಇಂಥ ಕಥೆಗೆ ‘ಛಾವಾ’ದಲ್ಲಿ ಒಂದೂ ದೃಶ್ಯ ಸಿಕ್ಕಿಲ್ಲ.

ಇಷ್ಟನ್ನೆಲ್ಲ ಎರಡೂಮುಕ್ಕಾಲು ಗಂಟೆಯಲ್ಲಿ ತುರುಕಲು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಿಲ್ಲ, ತುರುಕಲೂಬಾರದು. ಚಿತ್ರ ಆಯ್ದುಕೊಳ್ಳಬೇಕು. ಆದರೆ ಆಯ್ಕೆಗೆ ಒಂದು ಪರಿಣಾಮವಿದೆ, ಮತ್ತು ‘ಛಾವಾ’ದ ನಿಜವಾದ ತೊಂದರೆ ಆ ಪರಿಣಾಮದಲ್ಲಿದೆ. ಹಸಿವು, ಹಣ, ಮಳೆ, ದಾರಿ, ಕೋಟೆ ಯಾವುದನ್ನೂ ತೋರಿಸದೆ, ನಾಯಕ ಪ್ರತಿ ಕಾದಾಟದಲ್ಲೂ ಗೆಲ್ಲುವುದನ್ನಷ್ಟೇ ತೋರಿಸಿಬಿಟ್ಟರೆ, ಕೊನೆಗೆ ಅವನು ಸೋತದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಚಿತ್ರಕಥೆಯ ಬಳಿ ಒಂದೇ ಉತ್ತರ ಇರುತ್ತದೆ: ದ್ರೋಹಿ.

ಇಲ್ಲಿ ಆ ಭಾರ ಬಿದ್ದದ್ದು ಗಣೋಜಿ ಮತ್ತು ಕಾನ್ಹೋಜಿ ಎಂಬ ಶಿರ್ಕೆ ಮನೆತನದವರ ಮೇಲೆ. ಗಣೋಜಿ ಸಂಭಾಜಿಯ ಪತ್ನಿ ಯೇಸೂಬಾಯಿಯ ಸಹೋದರ. ಬಿಡುಗಡೆಯ ನಂತರ ಆ ಮನೆತನದ ಇಂದಿನವರು ಚಿತ್ರತಂಡಕ್ಕೆ ನೋಟಿಸ್ ಕಳಿಸಿದರು. ಕುಟುಂಬದ ಅಡ್ಡಹೆಸರನ್ನಾಗಲಿ ಊರನ್ನಾಗಲಿ ತಾವು ಹೇಳಿಲ್ಲ, ನೋವಾಗಿದ್ದರೆ ಕ್ಷಮೆ ಇರಲಿ ಎಂದು ನಿರ್ದೇಶಕರು ಹೇಳಬೇಕಾಯಿತು. ಇತಿಹಾಸದಲ್ಲಿ ಶಿರ್ಕೆಗಳ ಜೊತೆ ಸಂಭಾಜಿಗೆ ಜಗಳ ಇದ್ದದ್ದು ನಿಜ. ಮೊಘಲ್ ಆಕರಗಳೂ ಅದನ್ನು ಹೇಳುತ್ತವೆ. ಆದರೆ 1689ರ ಫೆಬ್ರುವರಿಯಲ್ಲಿ ಸಂಗಮೇಶ್ವರದ ಸುಳಿವು ಮೊಘಲ್ ಸೇನಾನಿ ಮುಕರ್ರಬ್ ಖಾನನಿಗೆ ಯಾರಿಂದ ಸಿಕ್ಕಿತು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆಗಿನ ಬೇರೆ ಬೇರೆ ಬರಹಗಳು ಬೇರೆ ಬೇರೆ ಕಡೆ ಬೊಟ್ಟು ಮಾಡುತ್ತವೆ. ಮತ್ತೆ, ಮುಕರ್ರಬ್ ಖಾನ್ ಕೊಲ್ಹಾಪುರದ ಕಡೆಯಿಂದ ಆಯ್ದ ಪಡೆಯೊಡನೆ ದುರ್ಗಮ ಘಾಟಿ ದಾಟಿ ಅಷ್ಟು ಬೇಗ ಬಂದದ್ದು ಸ್ವತಃ ಒಂದು ಸಾಹಸ. ಗೆರಿಲ್ಲಾ ನಾಯಕನನ್ನು ಅವನದೇ ವಿದ್ಯೆಯಿಂದ ಹಿಡಿದ ಕಥೆ ಅದು. ಶತ್ರುವಿಗೆ ಆ ಜಾಣ್ಮೆಯ ಮನ್ನಣೆ ಕೊಡಲು ನಮ್ಮ ಚಿತ್ರಗಳಿಗೆ ಮನಸ್ಸಾಗುವುದಿಲ್ಲ. ಶತ್ರು ಗೆದ್ದನೆಂದರೆ ಮೋಸವೇ ಆಗಿರಬೇಕು.

ದ್ರೋಹವೂ ಆಗಿನ ಕಾಲದಲ್ಲಿ ಒಬ್ಬನ ಕೆಟ್ಟತನದಿಂದ ಹುಟ್ಟುವ ಸಂಗತಿಯಾಗಿರಲಿಲ್ಲ. ಅದರ ಬೇರು ವತನದಲ್ಲಿತ್ತು. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ದೇಶಮುಖ, ದೇಸಾಯಿ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಊರುಗಳ ಮೇಲಿನ ಹಕ್ಕು, ವಸೂಲಿಯಲ್ಲಿ ಪಾಲು. ರಾಜರು ಬದಲಾದರೂ ವತನ ಉಳಿಯಬೇಕು ಎಂಬುದು ಆ ಮನೆತನಗಳ ಲೆಕ್ಕಾಚಾರ. ಹೊಸ ವತನ ಕೊಡುವುದರಲ್ಲಿ ಶಿವಾಜಿ ಬಿಗಿಯಾಗಿದ್ದರು. ಸಂಭಾಜಿ ಅದೇ ಹಾದಿ ಹಿಡಿದರು. ಔರಂಗಜೇಬನಾದರೋ ಕೈಬಿಚ್ಚಿ ವತನ, ಮನ್ಸಬು ಹಂಚುತ್ತಿದ್ದ. ಮುಂದೆ ಸಂಭಾಜಿಯ ತಮ್ಮ ರಾಜಾರಾಮನೂ ಸರದಾರರನ್ನು ಉಳಿಸಿಕೊಳ್ಳಲು ವತನ ಕೊಡಲೇಬೇಕಾಯಿತು. ಸ್ವಾಮಿನಿಷ್ಠೆಗೂ ಜೀವನಾಧಾರಕ್ಕೂ ನಡುವೆ ಸಿಕ್ಕ ಮನುಷ್ಯನ ಈ ಇಕ್ಕಟ್ಟು ಶೇಕ್ಸ್‌ಪಿಯರನಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ. ಚಿತ್ರದಲ್ಲಿ ಅದು ಎರಡು ಕುತ್ಸಿತ ಮುಖಗಳಾಗಿ ಉಳಿಯಿತು.

ಅತ್ತ ಮೊಘಲ್ ಪಾಳೆಯದಲ್ಲೇನು ನಿಷ್ಠೆ ಉಕ್ಕಿ ಹರಿಯುತ್ತಿತ್ತೇ? ಗೋಲ್ಕೊಂಡದ ಸುಲ್ತಾನನೊಡನೆ ಒಳಗೊಳಗೇ ಮಾತುಕತೆ ನಡೆಸಿದ ಎಂದು ಔರಂಗಜೇಬ 1687ರಲ್ಲಿ ಹಿರಿಯ ಮಗ ಶಾ ಆಲಮನನ್ನೇ ಬಂಧನದಲ್ಲಿಟ್ಟ. ಕಿರಿಯ ಮಗ ಕಾಂ ಬಕ್ಷ್ ತಮಿಳುನಾಡಿನ ಜಿಂಜಿ ಕೋಟೆಯ ಮುತ್ತಿಗೆಯ ನಡುವೆ ಮರಾಠರೊಡನೆ ಸಂಪರ್ಕ ಬೆಳೆಸಿ, ತನ್ನದೇ ಸೇನಾನಿಗಳಿಂದ ಸೆರೆಯಾದ. ಗೋಲ್ಕೊಂಡ ಎಂಟು ತಿಂಗಳು ಬಗ್ಗಲಿಲ್ಲ; ಮುತ್ತಿಗೆ ಹಾಕಿದವರೇ ಬರಗಾಲದಿಂದ ಕಂಗೆಟ್ಟರು, ಅವರು ಸಿಡಿಸಿದ ಸುರಂಗಗಳು ಅವರ ಕಡೆಗೇ ಸಿಡಿದವು. ಕೊನೆಗೆ ಲಂಚ ತಿಂದ ಒಳಗಿನವನೊಬ್ಬ ರಾತ್ರಿ ಬಾಗಿಲು ತೆರೆದ. ಆಗ ಅಬ್ದುರ್ ರಜಾಕ್ ಲಾರಿ ಎಂಬ ಸರದಾರ ಒಬ್ಬನೇ ಕುದುರೆ ಏರಿ ಮೊಘಲ್ ಪಡೆಯ ನಡುವೆ ನುಗ್ಗಿ, ಮೈಮೇಲೆ ಎಪ್ಪತ್ತು ಗಾಯ ಬೀಳುವ ತನಕ ಕಾದಾಡಿದ ಎಂದು ಮೊಘಲ್ ಇತಿಹಾಸಕಾರ ಖಾಫಿ ಖಾನ್ ಬರೆಯುತ್ತಾನೆ. ಪ್ರಜ್ಞೆ ತಪ್ಪಿದ್ದವನನ್ನು ಎತ್ತಿ ತಂದು ಔರಂಗಜೇಬ ವೈದ್ಯರಿಂದ ಉಪಚಾರ ಮಾಡಿಸಿದ. ಸಂಗಮೇಶ್ವರದಲ್ಲಿ ಸಂಭಾಜಿ ಮಾಡಿದ್ದಕ್ಕೂ ಗೋಲ್ಕೊಂಡದಲ್ಲಿ ಲಾರಿ ಮಾಡಿದ್ದಕ್ಕೂ ಎದುರಿಗಿದ್ದ ಶತ್ರು ಒಬ್ಬನೇ.

ಇದನ್ನು ಹೇಳುವುದು ಔರಂಗಜೇಬನಿಗೆ ಸುಣ್ಣ ಬಳಿಯಲು ಅಲ್ಲ. 1679ರಲ್ಲಿ ಮುಸ್ಲಿಮೇತರರ ಮೇಲಿನ ಜಿಜಿಯಾ ತೆರಿಗೆಯನ್ನು ಮತ್ತೆ ಹೇರಿದವನು ಅವನು. ಕೆಡವಿಸಿದ ದೇಗುಲಗಳ ದಾಖಲೆ ಅವನ ಆಸ್ಥಾನದ ಚರಿತ್ರೆಯಲ್ಲೇ ಇದೆ. ಆದರೆ ದಖ್ಖನ್ನಿನಲ್ಲಿ ಅವನು ಮೊದಲು ನುಂಗಿದ್ದು ಎರಡು ಮುಸ್ಲಿಂ ರಾಜ್ಯಗಳನ್ನು. ವಿಜಯಪುರದ ಮುತ್ತಿಗೆ 1685ರಿಂದ 1686ರ ಸೆಪ್ಟೆಂಬರ್‌ವರೆಗೆ ನಡೆಯಿತು. ಗೋಳಗುಮ್ಮಟ ನೋಡಲು ಹೋದವರು ಆ ಕೋಟೆಗೋಡೆಯ ಮೇಲೆ ಇಂದಿಗೂ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ಕಂಡಿರುತ್ತಾರೆ. ಆ ಗೋಡೆಯ ಹೊರಗೆ ಮೊಘಲ್ ಶಿಬಿರಕ್ಕೆ ಕಾಳಿನ ಬರ ಎಷ್ಟು ಬಿಗಿಯಿತೆಂದರೆ, ಹಿಂದಿರುಗಿ ಬಾ ಎಂದು ಬಾದಶಹನೇ ಹೇಳಿ ಕಳಿಸಿದ. ಮಗ ಆಜಂ ಮಾತ್ರ ಒಪ್ಪಲಿಲ್ಲ. ವಿಜಯಪುರ, ಗೋಲ್ಕೊಂಡ ಎರಡೂ ಬಿದ್ದ ಮೇಲೆ ಸಂಭಾಜಿಯ ಬೆನ್ನಿಗೆ ಯಾವ ಆಸರೆಯೂ ಉಳಿಯಲಿಲ್ಲ, ಸಾಮ್ರಾಜ್ಯದ ಸೈನ್ಯಕ್ಕೆ ಬೇರೆ ಕೆಲಸವೂ ಉಳಿಯಲಿಲ್ಲ. 1687ರ ಕೊನೆಗೆ ವಾಯಿ ಬಳಿ ಸೇನಾಪತಿ ಹಂಬೀರರಾವ್ ಮೋಹಿತೆ ಬಿದ್ದರು. ಸೆರೆ ಹತ್ತಿರವಾದದ್ದು ಹೀಗೆ, ಒಂದೊಂದೇ ಕೋಟೆಯಾಗಿ. ಎರಡು ಧರ್ಮಗಳ ನೇರ ಮುಖಾಮುಖಿಯಾಗಿ ಕಥೆ ಹೇಳಬೇಕೆಂದರೆ ವಿಜಯಪುರವನ್ನು ಪಕ್ಕಕ್ಕಿಡಲೇಬೇಕು. ಪಕ್ಕಕ್ಕಿಟ್ಟ ಕ್ಷಣ ಯುದ್ಧದ ತರ್ಕವೂ ಹೋಗುತ್ತದೆ. ಕುತೂಹಲದ ಸಂಗತಿಯೆಂದರೆ, ಕೊನೆಯ ಭಾಗದಲ್ಲಿ ಸಂಭಾಜಿಯೇ ಔರಂಗಜೇಬನಿಗೆ, ಮರಾಠರ ಕಡೆ ಬಂದುಬಿಡು, ಧರ್ಮ ಬದಲಿಸಬೇಕಾಗಿಲ್ಲ ಎನ್ನುತ್ತಾನೆ. ಚಿತ್ರದ ಅತ್ಯಂತ ಜಾಣ ಮಾತು ಅದು. ಅದರ ಸುತ್ತಲಿನ ದೃಶ್ಯಗಳು ಆ ಮಾತಿನ ಎತ್ತರಕ್ಕೆ ಏರುವುದಿಲ್ಲ.

ಇದು ‘ಛಾವಾ’ ಒಂದರದೇ ಜಾಡ್ಯವಲ್ಲ. 2019ರಲ್ಲಿ ಆಶುತೋಷ್ ಗೋವಾರಿಕರ್ ನಿರ್ದೇಶಿಸಿದ ‘ಪಾಣಿಪತ್’ ಬಂದಾಗ ರಾಜಸ್ಥಾನದ ಜಾಟ್ ಸಮುದಾಯ ಬೀದಿಗಿಳಿಯಿತು. ಸೂರಜ್‌ಮಲ್ ಮಹಾರಾಜನನ್ನು ಸ್ವಾರ್ಥಿಯಂತೆ ತೋರಿಸಲಾಗಿದೆ ಎಂಬುದು ದೂರು. ಕೆಲವು ನಿಮಿಷಗಳ ದೃಶ್ಯಗಳಿಗೆ ಕತ್ತರಿ ಹಾಕಬೇಕಾಯಿತು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಿ ಮರಾಠರು ಕಂಡ ಆ ಸೋಲಿನ ಹಿಂದೆ ತಿಂಗಳುಗಟ್ಟಲೆ ದಿಲ್ಲಿಯ ದಾರಿ ಮುಚ್ಚಿಹೋಗಿ ಉಪವಾಸ ಬಿದ್ದ ಸೈನ್ಯ, ಅದರ ಜೊತೆಗಿದ್ದ ಸಾವಿರಾರು ಯಾತ್ರಿಕರು ಮತ್ತು ಹೆಂಗಸರು, ಕಾಳು ಕಳಿಸಬೇಕಿದ್ದ ಗೋವಿಂದಪಂತ ಬುಂದೇಲೆಯ ಸಾವು ಇವೆಲ್ಲ ಇದ್ದವು. ಹಸಿವಿಗೆ ಮುಖವಿಲ್ಲ, ಆದ್ದರಿಂದ ಕ್ಲೋಸಪ್ ಸಿಗುವುದಿಲ್ಲ. ಕೈಕೊಟ್ಟ ಮಿತ್ರನಿಗೆ ಮುಖವಿದೆ.

ನಿರ್ಮಾಪಕರ ಕಷ್ಟ ನನಗೆ ಅರ್ಥವಾಗುತ್ತದೆ. ಹಣ ಹಾಕುವವರು ಕೊಳ್ಳುವುದು ನಾಯಕನಟನ ದಿನಗಳನ್ನು, ಗ್ರಾಫಿಕ್ಸ್‌ನ ಸೈನ್ಯವನ್ನು, ಅಬ್ಬರದ ಸಂಗೀತವನ್ನು. (ಎ.ಆರ್. ರೆಹಮಾನ್ ಅವರ ಹಿನ್ನೆಲೆ ಸಂಗೀತ ಹಲವು ಕಡೆ ದೃಶ್ಯಕ್ಕಿಂತ ಮುಂದೆ ಓಡುತ್ತದೆ. ಕಿವಿಗೆ ಸ್ವಲ್ಪ ಬಿಡುವು ಬೇಕಿತ್ತು.) ಇದರಲ್ಲಿ ಯಾವುದೂ ಯುದ್ಧವನ್ನು ತಾನಾಗಿಯೇ ಅರ್ಥ ಮಾಡಿಸುವುದಿಲ್ಲ, ಆದರೆ ಅರ್ಥ ಮಾಡಿಸಲು ಅಡ್ಡಿಯನ್ನೂ ಮಾಡಬೇಕಿಲ್ಲ. 1970ರ ‘ವಾಟರ್‌ಲೂ’ ಚಿತ್ರದಲ್ಲಿ ಸೆರ್ಗೆಯ್ ಬೊಂಡಾರ್ಚುಕ್ ಸೋವಿಯತ್ ಸೇನೆಯ ಸಾವಿರಾರು ಸೈನಿಕರನ್ನು ಬಯಲಿನಲ್ಲಿ ನಿಲ್ಲಿಸಿದರು. ಅಲ್ಲೊಂದು ದೃಶ್ಯವಿದೆ: ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಕೆಳಗೆ ಬ್ರಿಟಿಷ್ ಕಾಲಾಳುಗಳು ಚೌಕಗಳಾಗಿ ನಿಂತಿದ್ದಾರೆ, ಫ್ರೆಂಚ್ ಅಶ್ವದಳ ಆ ಚೌಕಗಳ ಸುತ್ತ ಸುಳಿಯಾಗಿ ತಿರುಗುತ್ತಿದೆ, ಒಳಗೆ ನುಗ್ಗಲು ಎಲ್ಲೂ ಸಂದು ಸಿಗುತ್ತಿಲ್ಲ. ಒಂದು ಮಾತೂ ಇಲ್ಲದೆ, ಅಷ್ಟು ಕುದುರೆಗಳು ಯಾಕೆ ಸೋಲುತ್ತಿವೆ ಎಂದು ಶಾಲಾಹುಡುಗನಿಗೂ ತಿಳಿಯುತ್ತದೆ. ಗಲ್ಲಾಪೆಟ್ಟಿಗೆಯಲ್ಲಿ ಆ ಚಿತ್ರ ನೆಲಕಚ್ಚಿತು ಎಂಬುದನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾಗುತ್ತದೆ. ಆದರೂ ಅಲ್ಲಿ ವೈಭವ ಮತ್ತು ವಿವರಣೆ ಒಂದೇ ಚೌಕಟ್ಟಿನಲ್ಲಿ ಬಂದವು. ‘ಛಾವಾ’ದ ಬುರ್ಹಾನ್‌ಪುರ ದಾಳಿಗೂ ಹಾಗೆ ಒಂದು ಸಲ ಮೇಲಿನಿಂದ ಊರಿನ ಬಾಗಿಲು, ಬೀದಿ, ಖಜಾನೆಗಳನ್ನು ತೋರಿಸಿದ್ದರೆ ಖರ್ಚೇನೂ ಹೆಚ್ಚುತ್ತಿರಲಿಲ್ಲ.

ಸಾರ್ವಜನಿಕ ಚರ್ಚೆಯೂ ಚಿತ್ರಕಥೆಗಳಿಗೆ ಇಂಥ ಒತ್ತಾಯ ಮಾಡುವುದಿಲ್ಲ. ಬಿಡುಗಡೆಗೆ ಮೊದಲು ‘ಛಾವಾ’ದ ಮೇಲೆ ಎದ್ದ ಗದ್ದಲ, ಸಂಭಾಜಿ ಮಹಾರಾಜರು ಲೇಝಿಮ್ ಹಿಡಿದು ಕುಣಿಯುವುದು ಸರಿಯೇ ಎಂಬುದು. ಟ್ರೈಲರ್‌ನಲ್ಲಿದ್ದ ಆ ಕುಣಿತವನ್ನು ನಿರ್ದೇಶಕರು ತೆಗೆದುಹಾಕಿದರು. ನಮ್ಮಲ್ಲಿ ಐತಿಹಾಸಿಕ ಚಿತ್ರಗಳ ಬಗೆಗಿನ ತಕರಾರು ಯಾವಾಗಲೂ ಮರ್ಯಾದೆಯದು. ರಾಮಸೇಜ್ ಎಲ್ಲಿ ಹೋಯಿತು, ಗೋವಾ ಎಲ್ಲಿ ಹೋಯಿತು ಎಂದು ಕೇಳಿ ಯಾರೂ ಪ್ರತಿಭಟಿಸಲಿಲ್ಲ. ಪ್ರಶ್ನೆ ಕೇಳದ ಕಡೆ ಕೋಪ ಮಾತ್ರ ಉಳಿಯುತ್ತದೆ. ಮಾರ್ಚ್ 17ರಂದು, ಖುಲ್ದಾಬಾದಿನ ಔರಂಗಜೇಬನ ಸಮಾಧಿ ತೆರವುಗೊಳಿಸಬೇಕೆಂಬ ಬೇಡಿಕೆಯ ಪ್ರತಿಭಟನೆ ಮತ್ತು ಅದರ ಬೆನ್ನಿಗೆ ಹಬ್ಬಿದ ವದಂತಿಯಿಂದ ನಾಗಪುರದಲ್ಲಿ ಹಿಂಸಾಚಾರ ನಡೆದು ಒಂದು ಜೀವ ಹೋಯಿತು. ಈ ಚಿತ್ರ ಔರಂಗಜೇಬನ ವಿರುದ್ಧ ಜನರ ಸಿಟ್ಟನ್ನು ಮತ್ತೆ ಕೆರಳಿಸಿದೆ ಎಂದು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ವಿಧಾನಸಭೆಯಲ್ಲಿ ಹೇಳಿದರು. ಗಲಭೆಗೆ ಸಿನಿಮಾವನ್ನೇ ಹೊಣೆ ಮಾಡುವುದು ಆಡಳಿತಕ್ಕೆ ಅನುಕೂಲದ ಮಾತು. ಸಮಾಧಿಯ ರಾಜಕೀಯ ಈ ಚಿತ್ರಕ್ಕಿಂತ ಹಳೆಯದು. ಆದರೆ ಮುನ್ನೂರು ವರ್ಷಗಳ ಹಿಂದಿನ ಸೋಲಿಗೆ ಕಾರಣ ಒಬ್ಬ ರಾಕ್ಷಸ ಮತ್ತು ಇಬ್ಬರು ದ್ರೋಹಿಗಳು ಎಂದು ನಂಬಿ ಹೊರಬಂದ ಪ್ರೇಕ್ಷಕನ ಕೈಯಲ್ಲಿ ಆ ಕಥೆಯಿಂದ ಮಾಡಬಹುದಾದ ಕೆಲಸ ಹೆಚ್ಚಿಲ್ಲ ಎಂಬುದೂ ನಿಜ.

ಇನ್ನು ಯೇಸೂಬಾಯಿ. ರಶ್ಮಿಕಾ ಮಂದಣ್ಣ ಅವರ ಹಿಂದಿ ಉಚ್ಚಾರಣೆಯ ಬಗ್ಗೆ ಉತ್ತರದ ವಿಮರ್ಶಕರು ಸಾಕಷ್ಟು ಬರೆದರು. ಅದು ಅಂಥ ದೊಡ್ಡ ಕೊರತೆಯಲ್ಲ. ಬರವಣಿಗೆಯೇ ಆ ಪಾತ್ರಕ್ಕೆ ಆರತಿ, ಕಣ್ಣೀರು, ಕಾಯುವಿಕೆಗಳಿಗಿಂತ ಹೆಚ್ಚು ಕೊಟ್ಟಿಲ್ಲ. ನಿಜವಾದ ಯೇಸೂಬಾಯಿಗೆ ಸ್ವಂತ ಮುದ್ರೆಯಿತ್ತು, ಗಂಡ ದಂಡಯಾತ್ರೆಯಲ್ಲಿದ್ದಾಗ ರಾಜ್ಯದ ವ್ಯವಹಾರ ನೋಡುವ ಅಧಿಕಾರವಿತ್ತು. ಸಂಭಾಜಿಯ ಸಾವಿನ ನಂತರ, ಇನ್ನೂ ಬಾಲಕನಾಗಿದ್ದ ತನ್ನ ಮಗ ಶಾಹುವಿನ ಹಕ್ಕನ್ನು ಪಕ್ಕಕ್ಕಿಟ್ಟು ಮೈದುನ ರಾಜಾರಾಮನನ್ನು ಮುಂದೆ ಮಾಡಿ, ಎಲ್ಲರೂ ಒಂದೇ ಕೋಟೆಯಲ್ಲಿ ಸಿಕ್ಕಿಬೀಳಬಾರದೆಂದು ಅವನನ್ನು ಹೊರಗೆ ಕಳಿಸಿ, ತಾನು ರಾಯಗಡದಲ್ಲಿ ಉಳಿದವಳು ಆಕೆ. 1689ರ ಕೊನೆಯಲ್ಲಿ ರಾಯಗಡ ಬಿತ್ತು. ಮಗ ಬಿಡುಗಡೆಯಾದದ್ದು 1707ರಲ್ಲಿ, ತಾಯಿ ತನ್ನ ನಾಡಿಗೆ ಮರಳಿದ್ದು 1719ರಲ್ಲಿ. ಆಕೆಯ ಆ ಒಂದು ತೀರ್ಮಾನ ಮರಾಠ ರಾಜ್ಯವನ್ನು ಉಳಿಸಿತು.

ಚಿತ್ರ ಸಂಭಾಜಿಯ ಸಾವಿನೊಡನೆ, ಅಂದರೆ 1689ರ ಮಾರ್ಚ್ 11ರೊಡನೆ ಮುಗಿಯುತ್ತದೆ. ಮುಂದಿನದಕ್ಕೆ ಕೊನೆಯ ಕೆಲವು ಕ್ಷಣ ಮಾತ್ರ. ಬಲಿದಾನದಲ್ಲಿ ಕಥೆ ಮುಗಿಸುವುದು ಪ್ರೇಕ್ಷಕನನ್ನು ಒದ್ದೆಗಣ್ಣಿನಲ್ಲಿ ಕಳಿಸುವ ಖಚಿತ ದಾರಿ. ಔರಂಗಜೇಬನಿಗೂ ಅಂದು ಯುದ್ಧ ಮುಗಿಯಿತೆಂದೇ ಅನಿಸಿತ್ತು. ಅದು ಇನ್ನೂ ಹದಿನೆಂಟು ವರ್ಷ ಉಳಿದಿತ್ತು, ಮತ್ತು ಅದರ ಬಹಳಷ್ಟು ಭಾಗ ಕನ್ನಡದ ನೆಲದ ಮೇಲೆ ನಡೆಯಿತು. ಪನ್ಹಾಳದಿಂದ ಯಾತ್ರಿಕರ ವೇಷದಲ್ಲಿ ಹೊರಟ ರಾಜಾರಾಮ ಗೋಕಾಕ, ಸವದತ್ತಿ, ನವಲಗುಂದ, ಲಕ್ಷ್ಮೇಶ್ವರದ ದಾರಿ ಹಿಡಿದು ದಕ್ಷಿಣಕ್ಕೆ ಬಂದ. ಮೊಘಲ್ ಸೈನ್ಯ ಬೆನ್ನಟ್ಟಿತು. ಕೆಳದಿಯ ರಾಣಿ ಚೆನ್ನಮ್ಮ ಅವನಿಗೆ ಆಶ್ರಯ ಕೊಟ್ಟು, ಸುರಕ್ಷಿತವಾಗಿ ಮುಂದೆ ಕಳಿಸಿ, ಅದಕ್ಕಾಗಿ ತನ್ನ ಮೇಲೆ ಬಂದ ಬಾದಶಹನ ಸೈನ್ಯವನ್ನು ಎದುರಿಸಿದಳು. ರಾಜಾರಾಮ ಜಿಂಜಿ ತಲುಪಿದ. ಆ ಕೋಟೆಯ ಮುತ್ತಿಗೆ ಮೊಘಲರನ್ನು 1698ರ ತನಕ ಹಿಡಿದಿಟ್ಟಿತು. 1700ರಲ್ಲಿ ಅವನು ಸತ್ತ ಮೇಲೆ ಹೆಂಡತಿ ತಾರಾಬಾಯಿ ಯುದ್ಧ ಮುಂದುವರಿಸಿದಳು. ಎಂಬತ್ತಾರರ ಔರಂಗಜೇಬ ಸ್ವತಃ ಹೋಗಿ ನಡೆಸಿದ ಕೊನೆಯ ಮುತ್ತಿಗೆ 1705ರದು. ಅದು ಯಾವ ಮರಾಠ ದುರ್ಗದ ಮೇಲೂ ಅಲ್ಲ, ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ, ಸುರಪುರದ ಬೇಡ ನಾಯಕರ ವಾಗಣಗೇರಾ ಕೋಟೆಯ ಮೇಲೆ. ತಿಂಗಳುಗಳ ನಂತರ ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ. ಅಲ್ಲಿಂದ ಕಾಯಿಲೆ ಬಿದ್ದು ಹಿಂದಿರುಗಿದ ಬಾದಶಹ 1707ರ ಮಾರ್ಚ್‌ನಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. 1681ರಲ್ಲಿ ಬಿಟ್ಟು ಬಂದ ಉತ್ತರವನ್ನು ಅವನು ಮತ್ತೆ ನೋಡಲಿಲ್ಲ.